ಕಿರುಬೆರಳು, ಎರಡು ಕೀಬೋರ್ಡು

ಕಮಲಾಪುರದ ನಮ್ಮ ಮನೆಯಲ್ಲಿ ನನಗೆ ಹೆದರಿಕೆಯಾಗದ ಜಾಗವೆಂದರೆ ಅಡುಗೆಮನೆ ಒಂದೇ. ಪಡಸಾಲೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಕಂಬಕ್ಕೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಯಾರೂ ಒಳಗೆ ಬರುವಂತಿರಲಿಲ್ಲ, ಹೊರಗೆ ಹೋಗುವಂತಿರಲಿಲ್ಲ. ನಡುಮನೆಯಲ್ಲಿ ದೇವರ ಜಗಲಿ, ಸುಮ್ಮನೆ ಮುಟ್ಟಿದರೂ ಬೈಗುಳ. ಹಿಂದಿನ ಬಾಗಿಲು ತೆಗೆದರೆ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಸಣ್ಣಾಯಿಯ ಖೋಲಿ. ಸಣ್ಣಾಯಿ ನನ್ನ ಅಜ್ಜನ ತಂಗಿ. ನಾನು ಹುಟ್ಟುವುದಕ್ಕೆ ಬಹಳ ಮೊದಲೇ ಗಂಡನ ಮನೆಯವರು ಅವಳನ್ನು ತಂದು ನಮ್ಮ ಬಾಗಿಲಲ್ಲಿ ಬಿಟ್ಟು ಹೋಗಿದ್ದರಂತೆ. ಅಂದಿನಿಂದ ಅವಳು ಆ ಖೋಲಿಯಲ್ಲೇ ಇದ್ದಳು. ಅವಳ ತಾಟು ಬೇರೆ, ತಂಬಿಗೆ ಬೇರೆ, ಸೀರೆ ಒಣಹಾಕುವ ಹಗ್ಗವೂ ಬೇರೆ. ಹೊತ್ತುಹೊತ್ತಿಗೆ ಅವ್ವ ಹೋಗಿ ಹೊಸ್ತಿಲ ಮೇಲಿನ ಅಲ್ಯೂಮಿನಿಯಂ ತಾಟಿಗೆ ರೊಟ್ಟಿ, ಪಲ್ಯ ಹಾಕಿ ಬರುತ್ತಿದ್ದಳು. ಒಗೆಯುವ ಕಲ್ಲನ್ನು ದಾಟಬಾರದೆಂಬುದು ಆಯಿ ನನಗೆ ಹಾಕಿದ್ದ ಗೆರೆ. ರೋಗದ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ‘ಆ ಬ್ಯಾನಿ’ ಎನ್ನುವಾಗಲೂ ದನಿ ತಗ್ಗಿಸುತ್ತಿದ್ದರು. ಹಾಗಾಗಿ ರೋಗವಿರುವುದು ಸಣ್ಣಾಯಿಯ ಮೈಯಲ್ಲಲ್ಲ, ಆ ಖೋಲಿಯ ಕತ್ತಲೆಯಲ್ಲಿ, ಒಳಗೆ ಹೋದವರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ ಎಂದೇ ನಾನು ತಿಳಿದಿದ್ದೆ. ಒಮ್ಮೆ ಗಾಳಿಗೆ ಅವಳ ಸೆರಗು ಜಾರಿ ಕೈ ಕಂಡಿತು. ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು, ಕೆಲವು ಗೆಣ್ಣಿಗೇ ಮುಗಿದುಹೋಗಿದ್ದವು.

ಅಡುಗೆಮನೆಯಲ್ಲಿ ಅವ್ವ ಇರುತ್ತಿದ್ದಳು, ಅವ್ವನ ಹಾರ್ಮೋನಿಯಂ ಇರುತ್ತಿತ್ತು. ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು ಅದು. ಪಡಸಾಲೆಯಲ್ಲಿಟ್ಟರೆ ಬಂದುಹೋಗುವವರು ಏನೆಂದಾರು ಎಂದು ಆಯಿ ಗೊಣಗಿದ್ದಕ್ಕೆ ಜೋಳದ ಹಿಟ್ಟಿನ ಡಬ್ಬಿಯ ಪಕ್ಕಕ್ಕೆ ಬಂದಿತ್ತು. ಅದರ ಸಂದುಗಳಲ್ಲಿ ಸದಾ ಒಂದಿಷ್ಟು ಹಿಟ್ಟು. ಸಂಜೆ ಒಲೆಯ ಕೆಲಸ ಮುಗಿದ ಮೇಲೆ ಓಣಿಯ ಹುಡುಗಿಯರು ಬಂದು ಸುತ್ತ ಕೂತು ವಚನ ಕಲಿಯುತ್ತಿದ್ದರು. ಅವ್ವ ಮಾತಿನಲ್ಲಿ ಬಹಳ ಮೆತ್ತಗಿನವಳು, ಆದರೆ ಯಾರಾದರೂ ಕೀಗಳ ಮೇಲೆ ಬೆರಳು ಕುಕ್ಕಿದರೆ ಮಾತ್ರ ಅವರ ಕೈ ಹಿಡಿದು ನಿಲ್ಲಿಸುತ್ತಿದ್ದಳು.

“ಒತ್ತಬ್ಯಾಡ, ಮುಟ್ಟು. ಎಷ್ಟು ಬೇಕಂತ ಬೆರಳಿಗೇ ಗೊತ್ತಾಗ್ತದ.”

ಆಮೇಲೆ ತಾನೇ ನುಡಿಸಿ ತೋರಿಸುತ್ತಿದ್ದಳು. ಅವಳ ಕೈಯಲ್ಲಿ ಅದೇ ಪೆಟ್ಟಿಗೆಯ ದನಿ ಬೇರೆಯಾಗುತ್ತಿತ್ತು. ಅಪ್ಪ ಕಲಬುರಗಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದ. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ದಣಿದವನಿಗೆ ಮನೆಯಲ್ಲಿ ಮಾತು ಉಳಿದಿರುತ್ತಿರಲಿಲ್ಲ. ಆದರೆ ಅವ್ವ ನುಡಿಸುವಾಗ ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ.

ಕಲಬುರಗಿಯ ಜೇವರ್ಗಿ ಕಾಲೋನಿಯ ಒಂದು ಶಾಲೆಯಲ್ಲಿ ಸಂಗೀತದ ಟೀಚರು ಬೇಕಾಗಿದ್ದಾರೆಂಬ ಸುದ್ದಿ ತಂದವನೂ ಅಪ್ಪನೇ. ಅಂಗಡಿಗೆ ಬಂದ ಆ ಶಾಲೆಯ ದೊಡ್ಡ ಬಾಯಾರು, ಅಂದರೆ ಮುಖ್ಯ ಟೀಚರು, ಅವ್ವನ ವಿಷಯ ಕೇಳಿ ಒಪ್ಪಿದ್ದರು. ಷರತ್ತು ಒಂದೇ: ಪ್ರಾರ್ಥನೆಗೆ, ವಾರ್ಷಿಕೋತ್ಸವದ ಕುಣಿತಗಳಿಗೆ ಹಾರ್ಮೋನಿಯಂ ಸಾಲದು, ಕೀಬೋರ್ಡು ನುಡಿಸಬೇಕು, ಅದನ್ನು ಕಲಿಸುವವರೇ ತರಬೇಕು. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಕಲಿತು ಬಂದರೆ ಕೆಲಸ. ಆ ಸಂಜೆ ಊಟಕ್ಕೆ ಕೂತಾಗ ಆಯಿ ತಾಟು ಸರಿಸಿದಳು.

“ಮನ್ಯಾಗ ಬಾರಸ್ಕೋತ ಕುಂದ್ರೂದು ಸಾಲದೇನು? ಈಗ ಕರೆಂಟಿನ ಪೆಟಿಗಿ ತಗೊಂಡು ಸಾಲಿಗೆ ಹೋಗಾಕಿ ಏನು ನೀ?”

“ಸಾಲ್ಯಾಗ ಅದನ್ನೇ ಕೇಳಾಕತ್ತಾರ್ರಿ ಅತ್ತಿ.”

“ಹಿತ್ತಲಿನಾಕಿಗೆ ಕೂಳ ಯಾರ ಹಾಕಬೇಕು? ನಾ ಅಂತೂ ಆ ಕಡಿ ಹೋಗಾಕಿ ಅಲ್ಲ.”

“ಮುಂಜಾನೆ ಮಾಡಿಟ್ಟು, ಆಕೀಗಿ ಹಾಕೇ ಹೋಗ್ತೀನ್ರಿ.”

ಅಪ್ಪ ಕೈ ತೊಳೆದುಕೊಂಡು ಬಂದು, ಯಾರ ಮುಖವನ್ನೂ ನೋಡದೆ, ಐತವಾರ ಗಾಜಿಪುರಕ್ಕೆ ಹೋಗಿ ಖಾಜಾಮಿಯಾನ ಹತ್ತಿರ ಕೀಬೋರ್ಡು ನೋಡಿ ಬಾ ಎಂದ. ಜಗಳ ಅಲ್ಲಿಗೆ ಮುಗಿಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದೆ.

ಐತವಾರ ಬರುವ ಮುನ್ನ, ಒಂದು ಬೆಳಿಗ್ಗೆ, ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಒಲೆಯ ಮುಂದೆ ಕೂತು ಮೊದಲ ರೊಟ್ಟಿಗೆ ಕಾಯುತ್ತಿದ್ದೆ. ಹಂಚಿನ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ತಿರುವಿ ಹಾಕುವುದಕ್ಕೆ ಅವಳಿಗೆ ಯಾವ ಸಾಮಾನೂ ಬೇಕಿರಲಿಲ್ಲ, ಕೈಯೇ ಸಾಕಿತ್ತು. ನಮ್ಮವ್ವನ ಕೈ ಸುಡುವುದಿಲ್ಲ ಎಂದು ಗೆಳತಿಯರ ಮುಂದೆ ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅವತ್ತು ಅವಳು ನನ್ನ ಕಡೆ ತಿರುಗಿ ಏನೋ ಹೇಳುತ್ತ ಬಲಗೈಯನ್ನು ಹಂಚಿನ ಅಂಚಿಗೆ ಊರಿದಳು. ಊರಿದವಳು ತೆಗೆಯಲಿಲ್ಲ. ಮಾತು ಮುಂದುವರಿಯಿತು. ಒಂದು ವಾಸನೆ ಬಂತು. ರೊಟ್ಟಿ ಸೀದ ವಾಸನೆಯಲ್ಲ. ಅವಳ ಕಿರುಬೆರಳು ಮತ್ತು ಪಕ್ಕದ ಬೆರಳು ಕಾದ ಕಬ್ಬಿಣದ ಮೇಲಿದ್ದವು, ಅವ್ವ ನಗುತ್ತಲೇ ಇದ್ದಳು.

“ಯವ್ವಾ, ಕೈ!”

ಅವಳು ಕೈಯನ್ನು ನೋಡಿದಳು. ಮೊದಲು ನೋಡಿ, ಆಮೇಲೆ ಎತ್ತಿಕೊಂಡಳು. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಸುಟ್ಟವರು ಮೊದಲು ಕೈ ಎಳೆದುಕೊಂಡು ಆಮೇಲೆ ನೋಡುತ್ತಾರೆ. ಅವಳು ಚೀರಲಿಲ್ಲ, ಊದಿಕೊಳ್ಳಲಿಲ್ಲ, ನೀರಿನಲ್ಲಿ ಅದ್ದಲೂ ಇಲ್ಲ. ಬೇರೆ ಯಾರದೋ ಬೆರಳು ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದಳು. ಆಗ ಅವಳ ರವಿಕೆಯ ತೋಳು ಮೇಲೆ ಸರಿದು, ಮೊಣಕೈ ಕೆಳಗೆ ಹಸ್ತದಗಲದ ಒಂದು ಬಿಳಚಿದ ಮಚ್ಚೆ ಕಂಡಿತು. ಬೇಸಿಗೆಯಲ್ಲೂ ಅವಳು ಉದ್ದ ತೋಳಿನ ರವಿಕೆ ತೊಡುವುದು ಯಾಕೆಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಅವಳು ಹಳೆಯ ಬಟ್ಟೆಯ ತುಂಡು ಸುತ್ತಿಕೊಂಡು ನನ್ನ ಗದ್ದ ಹಿಡಿದಳು.

“ಆಯೀಗಿ ಹೇಳಬ್ಯಾಡ. ಯಾರಿಗೂ ಹೇಳಬ್ಯಾಡ. ತಿಳೀತಿಲ್ಲೋ?”

ನಾನು ತಲೆಯಾಡಿಸಿದೆ. ಅಡುಗೆಮನೆಯಲ್ಲಿ ನನಗೆ ಭಯವಾದದ್ದು ಅವತ್ತೇ ಮೊದಲು.

ಖಾಜಾಮಿಯಾನ ಮನೆ ಕಲಬುರಗಿಯ ಗಾಜಿಪುರದ ಒಂದು ಸಂದಿಯಲ್ಲಿತ್ತು. ಮೊದಲು ಮದುವೆಗಳ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವನು, ವಯಸ್ಸಾದ ಮೇಲೆ ಮುಂದಿನ ಖೋಲಿಯಲ್ಲೇ ಬಾಜಾ ರಿಪೇರಿ ಮಾಡುತ್ತ, ಕೀಬೋರ್ಡು ಮಾರುತ್ತ ಇದ್ದ. ಗೋಡೆಗೆ ತಿದಿ ಬಿಚ್ಚಿದ ಹಾರ್ಮೋನಿಯಂಗಳು ಒರಗಿದ್ದವು. ಮಂಚದ ಮೇಲೆ ಚಾದರ ಹಾಸಿ ಎರಡು ಕೀಬೋರ್ಡುಗಳನ್ನು ನಮಗಾಗಿ ತೆಗೆದಿಟ್ಟಿದ್ದ. ಒಂದು ಕಪ್ಪು ಬಣ್ಣದ್ದು, ಎತ್ತಲು ಇಬ್ಬರು ಬೇಕೆನಿಸುವಷ್ಟು ಭಾರ. ಇನ್ನೊಂದು ಬಿಳಿ ಬಣ್ಣದ್ದು, ಹಗುರ, ಮೈತುಂಬ ಗುಂಡಿಗಳು.

“ನೋಡ್ರಿ ಅಕ್ಕೋರ, ಸೀದಾ ಹೇಳ್ತೀನಿ. ಈ ಕರೇದರಾಗ ಬ್ಯಾಂಡ್ ಕಮ್ಮಿ, ಹಾಥ್ ಜಾಸ್ತಿ. ಆ ಬಿಳೇದರಾಗ ಹಾಥ್ ಕಮ್ಮಿ, ಬ್ಯಾಂಡ್ ಜಾಸ್ತಿ. ನಿಮ್ದು ದಿಲ್ ಯಾವುದಕ್ಕ ಒಪ್ತದ, ಅದು ಒಯ್ರಿ.”

ಮೊದಲು ಬಿಳಿಯದನ್ನು ತೋರಿಸಿದ. ಒಂದು ಗುಂಡಿ ಒತ್ತಿದರೆ ತಬಲಾ, ಇನ್ನೊಂದಕ್ಕೆ ಢೋಲಕ್, ಮತ್ತೊಂದಕ್ಕೆ ಡ್ರಮ್ಮು. ದಾದ್ರಾ, ಕೆಹರ್ವಾ ತಾಳಗಳೆಲ್ಲ ಅದರ ಹೊಟ್ಟೆಯಲ್ಲೇ ಇದ್ದವು. ಎಡಗೈಯ ಒಂದು ಬೆರಳು ಇಟ್ಟರೆ ಸಾಕು, ಹಿಂದಿನಿಂದ ಇಡೀ ಮೇಳ ಎದ್ದು ಬರುತ್ತಿತ್ತು. ಬೆರಳು ಬದಲಿಸಿದರೆ ಮೇಳವೂ ತಿರುಗುತ್ತಿತ್ತು. ಹಾಡುವವರ ಗಂಟಲಿಗೆ ತಕ್ಕಂತೆ ಶ್ರುತಿ ಏರಿಸಬಹುದು, ಇಳಿಸಬಹುದು. ಹಾಡನ್ನು ಒಮ್ಮೆ ನುಡಿಸಿ ಕೂಡಿಟ್ಟು ಆಮೇಲೆ ಅದೇ ಹಾಡಿಕೊಳ್ಳುವಂತೆ ಮಾಡಬಹುದು. ಆದರೆ ಕೀಗಳು ತೆಳ್ಳಗಿದ್ದವು, ಒತ್ತಿದರೆ ಟಕ್ಕೆಂದು ತಳಕ್ಕೆ ಬಡಿಯುತ್ತಿದ್ದವು. ಮೆಲ್ಲಗೆ ಮುಟ್ಟಿದರೂ ಗುದ್ದಿದರೂ ದನಿ ಒಂದೇ. ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ಅವ್ವ ದಾರಿಯಲ್ಲೇ ಬಿಚ್ಚಿಟ್ಟಿದ್ದಳು. ಎರಡು ಸಾಲು ನುಡಿಸಿ ನನ್ನತ್ತ ನೋಡಿ ನಕ್ಕಳು. ಮಕ್ಕಳ ಆಟಿಗೆ ಇದ್ದಂಗದ ಎಂಬುದು ಆ ನಗುವಿನ ಅರ್ಥ.

ಆಮೇಲೆ ಕಪ್ಪಿನ ಮುಂದೆ ಕೂತಳು. ಅದರ ಕೀಗಳು ಅಗಲವಾಗಿದ್ದವು, ಒತ್ತಿದಷ್ಟೂ ಒಳಗಿಳಿದು, ಬಿಟ್ಟ ಕೂಡಲೇ ಎದ್ದು ಬೆರಳಿಗೆ ಬಂದು ತಾಗುತ್ತಿದ್ದವು. ಮೆಲ್ಲಗೆ ಮುಟ್ಟಿದರೆ ಪಿಸುಮಾತು, ಜೋರಾಗಿ ಮುಟ್ಟಿದರೆ ಕೂಗು. ಇದಕ್ಕೆ ಟಚ್ ಎನ್ನುತ್ತಾರೆ ಎಂದ ಖಾಜಾಮಿಯಾ. ಅವ್ವ ಮೊದಲ ಸ್ವರ ಹಿಡಿದಾಗ ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಅವಳಿಗೆ ಬೇಕಾದದ್ದು ಇದೇ. ಸರಿಗಮ ಏರುತ್ತ ಹೋಯಿತು. ಕಿರುಬೆರಳಿನ ಸರದಿ ಬಂದದ್ದೇ ಒಂದು ಸ್ವರ ಕಿರುಚಿತು. ಅವಳು ತಡೆದು ಮತ್ತೆ ಶುರುಮಾಡಿದಳು. ಈ ಸಲ ಅದೇ ಸ್ವರ ಬರಲೇ ಇಲ್ಲ. ಬೆರಳು ಕೀ ಮೇಲಿತ್ತು, ಆದರೆ ಒತ್ತಿರಲಿಲ್ಲ, ಒತ್ತಿಲ್ಲವೆಂಬುದು ಅವಳಿಗೆ ಗೊತ್ತಾಗಿರಲಿಲ್ಲ. ಮೂರನೆಯ ಸಲ ಎರಡೂ ಬೆರಳುಗಳು ಕೂಡಿ ಅರಚಿದವು.

“ಹಗೂರ, ಅಕ್ಕೋರ. ಜರಾ ಹಗೂರ. ಹೊಸಾದು ನೋಡ್ರಿ, ರೂಢಿ ಆಗ್ತದ,” ಎಂದ ಖಾಜಾಮಿಯಾ.

ದನಿಯ ಏರಿಳಿತವೆಲ್ಲ ಗಾಳಿಯ ತಿದಿಯಲ್ಲೇ ಇರುವ ಹಾರ್ಮೋನಿಯಂ ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಆ ಕಪ್ಪು ಪೆಟ್ಟಿಗೆ ಎಲ್ಲರೆದುರು ಕೂಗಿ ಹೇಳುತ್ತಿದೆ ಎನಿಸಿತು ನನಗೆ. ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಬೇಕಿಲ್ಲದಷ್ಟು ಗಟ್ಟಿ ದನಿಯಲ್ಲಿ ಮಾತಾಡತೊಡಗಿದಳು: ಸಾಲಿ ಮಕ್ಕಳಿಗೆ ತಾಳ ಬೇಕು, ಬಿಳಿಯದರಲ್ಲಿ ಬಗೆಬಗೆಯ ತಾಳ ಇವೆ, ಶ್ರುತಿ ಬದಲಿಸಬಹುದು, ಬಸ್ಸಿನಲ್ಲಿ ಒಯ್ಯಲು ಹಗುರ, ಅದೇ ಇರಲಿ. ಅವಳು ಹೇಳಿದ್ದೆಲ್ಲ ನಿಜವೇ. ಅವಳು ಸುಳ್ಳು ಹೇಳುತ್ತಿದ್ದಾಳೆಂದು ತಿಳಿದದ್ದು ಆ ಖೋಲಿಯಲ್ಲಿ ನನಗೊಬ್ಬಳಿಗೇ. ಖಾಜಾಮಿಯಾ ಒಂದು ಗಳಿಗೆ ಅವಳನ್ನೇ ನೋಡಿ, ಹಳೆಯ ಸೀರೆಯಲ್ಲಿ ಬಿಳಿಯದನ್ನು ಸುತ್ತಿಕೊಟ್ಟ.

“ಒಯ್ದು ನುಡಿಸಿ ನೋಡ್ರಿ. ಪಸಂದ್ ಬರಲಿಲ್ಲಂದ್ರ ತಂದು ಇದನ್ನ ಒಯ್ರಿ. ಕರೇದು ಎಲ್ಲೂ ಹೋಗಂಗಿಲ್ಲ.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ನಾನು ಅವಳ ಬಲಗೈಯನ್ನೇ ನೋಡುತ್ತಿದ್ದೆ. ಕಿರುಬೆರಳು ಸ್ವಲ್ಪ ಒಳಕ್ಕೆ ಬಾಗಿತ್ತು. ಮೊದಲೇ ಹಾಗಿತ್ತೋ ಈಗ ಆಗಿದೆಯೋ ನನಗೆ ನೆನಪಾಗಲಿಲ್ಲ. ಸಣ್ಣಾಯಿಯ ಬೆರಳುಗಳನ್ನು ನೆನೆಸಿಕೊಳ್ಳಬಾರದೆಂದು ಹೊರಗಿನ ಬಾಳೆಯ ತೋಟಗಳನ್ನು ನೋಡುತ್ತ ಕೂತೆ. ಆದರೂ ಅವೇ ಕಣ್ಣ ಮುಂದೆ ಬಂದವು.

ಮನೆಯಲ್ಲಿ ಬಿಳಿ ಕೀಬೋರ್ಡು ಜಾತ್ರೆಯನ್ನೇ ಕೂಡಿಸಿತು. ಓಣಿಯ ಹುಡುಗಿಯರು ತಬಲಾದ ಗುಂಡಿ ಒತ್ತಿ ಒತ್ತಿ ನಕ್ಕರು. ಆಯಿ ಕೂಡ ಪಡಸಾಲೆಯಿಂದ ಎದ್ದು ಬಂದು, ನುಡಿಸುವವರಿಲ್ಲದೆ ಹೆಂಗ ಬಾರಸ್ತದ ಇದು ಎಂದು ಬೆರಗಾದಳು. ಅವ್ವ ನುಡಿಸಿದಳು, ಯಾರಿಗೂ ಏನೂ ತಪ್ಪು ಕಾಣಲಿಲ್ಲ. ಮರುದಿನ ಮಧ್ಯಾಹ್ನ ನಾನು ಒಗೆಯುವ ಕಲ್ಲಿನ ಬಳಿ ಕಾಲು ತೊಳೆಯುತ್ತಿದ್ದಾಗ ಆಚೆಯಿಂದ ಯಾರೋ ನನ್ನ ಹೆಸರು ಕೂಗಿದರು. ಸಣ್ಣಾಯಿ ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಹೊಸ್ತಿಲ ಒಳಗೆ ಕೂತಿದ್ದಳು, ಮುಖ ನೆರಳಿನಲ್ಲಿತ್ತು.

“ಶೈಲಾ, ನಿಮ್ಮವ್ವಗ ಬಿಸಿ ತಾಗೂದು ಬಿಟ್ಟದೇನು?”

ನಾನು ಯಾರಿಗೂ ಹೇಳಿರಲಿಲ್ಲ.

“ತಾಟಿಗಿ ರೊಟ್ಟಿ ಹಾಕುವಾಗ ಆಕಿ ಬೆರಳು ನೋಡೀನಿ. ನಂಗೂ ಹಿಂಗೇ ಶುರು ಆಗಿತ್ತು. ಒಲೀ ಮುಂದ. ನಾ ಮುಚ್ಚಿಟ್ಟೆ. ಮುಚ್ಚಿಟ್ಟು ಮುಚ್ಚಿಟ್ಟು ಹಿಂಗ ಆತು.” ಅವಳು ಕೈ ಎತ್ತಿ ತೋರಿಸಲಿಲ್ಲ, ಸೆರಗಿನೊಳಗೇ ಇಟ್ಟುಕೊಂಡಳು. “ಸರಕಾರಿ ದವಾಖಾನ್ಯಾಗ ಈಗ ಗುಳಿಗಿ ಕೊಡ್ತಾರಂತ. ಒಬ್ಬಾಕಿ ನರ್ಸ್‌ಬಾಯಿ ಬಂದಾಗ ಹೇಳಿದ್ಲು, ನಿಮ್ಮ ಆಯಿ ಆಕೀನ್ನ ಬಾಗಲದಾಗೇ ಹೊಳ್ಳಿ ಕಳಿಸಿದ್ಲು. ನಿಮ್ಮವ್ವಗ ಹೇಳು, ಇವತ್ತೇ ಹೋಗು ಅಂತ. ನನ್ನಿಂದೇ ಬಂತೋ ಏನೋ. ಈ ಖೋಲಿ ಒಬ್ಬಾಕೀಗೇ ಸಾಕು.”

ನಾನು ಓಡಿದೆ. ಅಡುಗೆಮನೆಗೆ ಹೋಗಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವ್ವ ಬೈಯುತ್ತಾಳೆಂದುಕೊಂಡಿದ್ದೆ, ಅವಳು ಹಿಟ್ಟಿನ ಪರಾತವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು, ಕೈ ತೊಳೆದು, ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲು ದಾಟಿ, ಹೊಸ್ತಿಲ ಬಳಿ ನಿಲ್ಲದೆ ಆ ಖೋಲಿಯ ಒಳಗೇ ಹೋದಳು. ಬಾಗಿಲು ಮುಚ್ಚಿಕೊಂಡಿತು. ಕಲ್ಲಿನ ಈಚೆ ನಿಂತ ನನಗೆ, ಅಷ್ಟೇ ಆಯಿತು, ಇನ್ನು ಅವಳು ಹೊರಗೆ ಬರುವುದಿಲ್ಲ ಎನಿಸಿತು. ಕೂಗೋಣವೆಂದರೆ ಪಡಸಾಲೆಯಲ್ಲಿ ಆಯಿ ಇದ್ದಳು. ಅಳುವನ್ನು ಬಾಯಲ್ಲಿ ಕಚ್ಚಿ ಹಿಡಿದು, ಬಾಗಿಲನ್ನೇ ನೋಡುತ್ತ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅಂಗೈ ಊರಿ ನಿಂತೆ. ಅಂಗೈ ಉರಿಯಿತು. ಉರಿದದ್ದಕ್ಕೆ ಇನ್ನಷ್ಟು ಒತ್ತಿ ಹಿಡಿದೆ. ಕೊನೆಗೆ ಬಾಗಿಲು ತೆರೆಯಿತು. ಅವ್ವನ ಕಣ್ಣು ಕೆಂಪಾಗಿದ್ದವು.

“ನಾಳಿಗಿ ದವಾಖಾನಿಗೆ ಹೋಗೂಣು. ನೀನೂ ಬಾ,” ಎಂದಳು.

ಕಲಬುರಗಿಯ ದೊಡ್ಡ ಆಸ್ಪತ್ರೆಯ ಚರ್ಮರೋಗದ ಖೋಲಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಅಪ್ಪನನ್ನು ಅವ್ವ ಬಸ್ಸಿನಲ್ಲೇ ವಿಷಯ ಹೇಳಿ ಜೊತೆಗೆ ಕರೆತಂದಿದ್ದಳು. ಅವನು ಗೋಡೆಗೆ ಅಂಟಿಕೊಂಡು ನಿಂತಿದ್ದ. ಡಾಕ್ಟರಮ್ಮ ಮಚ್ಚೆ ನೋಡಿದರು, ಮೊಣಕೈಯ ಹಿಂದೆ ನರ ಹಿಡಿದು ನೋಡಿದರು. ಆಮೇಲೆ ಅವ್ವನಿಗೆ ಕಣ್ಣು ಮುಚ್ಚಲು ಹೇಳಿದರು.

“ನಾ ಹತ್ತಿ ಮುಟ್ಟಿಸ್ತೀನಿ. ಎಲ್ಲಿ ಮುಟ್ಟಿದೆ ಅಂತ ಇನ್ನೊಂದು ಕೈಲೆ ತೋರಿಸ್ರಿ.”

ಹೆಬ್ಬೆರಳಿಗೆ ಮುಟ್ಟಿಸಿದರು, ಅವ್ವ ತೋರಿಸಿದಳು. ಅಂಗೈಗೆ ಮುಟ್ಟಿಸಿದರು, ತೋರಿಸಿದಳು. ಕಿರುಬೆರಳಿಗೆ ಮುಟ್ಟಿಸಿದರು. ಅವ್ವ ಕಣ್ಣು ಮುಚ್ಚಿ, ಮುಖ ಮುಂದೆ ಮಾಡಿ, ಪಾಠ ಕೇಳುವ ಹುಡುಗಿಯ ಹಾಗೆ ಕಾಯುತ್ತಿದ್ದಳು. ಹತ್ತಿ ಅಲ್ಲೇ ಇತ್ತು. ಪೆನ್ನಿನ ತುದಿಯಿಂದ ಒತ್ತಿದರು. ಅವಳು ಇನ್ನೂ ಕಾಯುತ್ತಲೇ ಇದ್ದಳು. ಮುಟ್ಟಿ ಆಗಿದೆ ಅವ್ವಾ, ತೋರಿಸು ಎಂದು ಕೂಗಬೇಕೆನಿಸಿ ನಾನು ಅಪ್ಪನ ಅಂಗಿ ಹಿಡಿದುಕೊಂಡೆ. ಅಪ್ಪ ನೆಲ ನೋಡುತ್ತಿದ್ದ.

ಡಾಕ್ಟರಮ್ಮ ಹೆಸರು ಹಿಡಿದೇ ಹೇಳಿದರು. ಕುಷ್ಠ. ನಮ್ಮ ಮನೆಯಲ್ಲಿ ಯಾರೂ ಎತ್ತದ ಆ ಶಬ್ದವನ್ನು ಅವರು ಜ್ವರ, ಕೆಮ್ಮು ಎನ್ನುವಷ್ಟು ಸಹಜವಾಗಿ ಅಂದರು. ಗುಳಿಗೆ ಇದೆ, ಪುಕ್ಕಟೆ ಕೊಡುತ್ತೇವೆ, ಬಿಡದೆ ತಗೊಂಡರೆ ವಾಸಿಯಾಗುತ್ತದೆ. ಶುರು ಮಾಡಿದ ಮೇಲೆ ಯಾರಿಗೂ ಹರಡುವುದಿಲ್ಲ. ತಾಟು ಬೇರೆ ಬೇಡ, ಹಾಸಿಗೆ ಬೇರೆ ಬೇಡ. ಹೋದ ಸ್ಪರ್ಶ ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ. ಬೆರಳು ಹೇಳದ್ದನ್ನು ಕಣ್ಣಿನಿಂದ ನೋಡಿ ಕೆಲಸ ಮಾಡಬೇಕು, ಹಂಚಿನ ಹತ್ತಿರ ಬರಿಗೈ ಒಯ್ಯಬಾರದು. ಅವ್ವ ಕೇಳಿದ್ದು ಒಂದೇ.

“ಕೀಬೋರ್ಡು ನುಡಿಸಬಹುದೇನ್ರಿ?”

“ನುಡಿಸ್ರಿ. ಬೆರಳು ಆಡ್ತಿದ್ರ ಛಲೋನೇ.”

ಆಮೇಲೆ ಅವರು ಮನೆಯವರನ್ನೂ ನೋಡಬೇಕೆಂದು ನನ್ನನ್ನು ಕರೆದರು. ಸ್ಟೂಲಿನ ಮೇಲೆ ಕೂರಿಸಿ ಕಣ್ಣು ಮುಚ್ಚೆಂದರು. ಕತ್ತಲೆಯಲ್ಲಿ ನಾನು ಕಾಯ್ದೆ. ಏನೂ ತಾಗಲಿಲ್ಲ. ಅವರು ಮುಟ್ಟಿದ್ದಾರೆ, ನನಗೇ ಗೊತ್ತಾಗುತ್ತಿಲ್ಲ, ಈಗ ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ ಎಂದುಕೊಂಡೆ. ಸುಮ್ಮನೆ ಯಾವುದಾದರೂ ಬೆರಳು ತೋರಿಸಿಬಿಡಲೇ ಎನಿಸಿತು. ಅಷ್ಟರಲ್ಲಿ ನಡುಬೆರಳಿನ ತುದಿಗೆ ಇರುವೆ ಹರಿದಷ್ಟು ಹಗುರವಾಗಿ ಏನೋ ತಾಗಿತು. ಇಲ್ಲಿ, ಇಲ್ಲಿ ಎಂದು ನಾನು ಅಳುತ್ತಲೇ ತೋರಿಸಿದೆ. ಅಲ್ಲಿಯವರೆಗೆ ಅವರು ಮುಟ್ಟಿಯೇ ಇರಲಿಲ್ಲ. ಹೊಸ ಹತ್ತಿ ತೆಗೆಯುತ್ತಿದ್ದರಂತೆ. ಆ ಕೆಲವು ಗಳಿಗೆ ನನ್ನಲ್ಲಿ ಹಾಗೆಯೇ ಉಳಿದವು. ಈಗಲೂ ಬಿಸಿ ಚಹದ ಲೋಟ ಕೈ ಚುರುಕ್ಕೆನಿಸಿದರೆ ನನಗೆ ಒಳಗೊಳಗೇ ನೆಮ್ಮದಿ.

ಆಯಿಗೆ ಹೇಳದೆ ಗುಳಿಗೆ ನುಂಗುತ್ತ ಇದ್ದುಬಿಡಬಹುದಿತ್ತು. ಅವ್ವ ಅದನ್ನು ಒಪ್ಪಲಿಲ್ಲ. ಮನೆಗೆ ಬಂದವಳೇ ಪಡಸಾಲೆಯಲ್ಲಿ ಆಯಿಯ ಮುಂದೆ ಕೂತು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಆಯಿ ಕೂತಲ್ಲೇ ಹಿಂದಕ್ಕೆ ಸರಿದಳು. ಬೆನ್ನಿಗೆ ಕಂಬ ಸಿಕ್ಕ ಮೇಲೂ ಸರಿಯಲು ನೋಡಿದಳು.

“ಅಡಗಿಮನಿಗೆ ಕಾಲಿಡಬ್ಯಾಡ ಇನ್ನ. ಹಿತ್ತಲದಾಗ ಇನ್ನೊಂದು ಖೋಲಿ ಕಟ್ಟಸಬೇಕಾಗ್ತದ.”

“ಕಟ್ಟಸೂದಿಲ್ಲ,” ಎಂದ ಅಪ್ಪ.

ಅಷ್ಟೇ. ಆಮೇಲೆ ಅವನು ಅಡುಗೆಮನೆಗೆ ಹೋಗಿ ತಾನೇ ಇಕ್ಕಳ ಹುಡುಕಿ ಅವ್ವನ ಹಂಚಿನ ಪಕ್ಕ ಇಟ್ಟ. ಆಯಿ ಮರುದಿನದಿಂದ ಪಡಸಾಲೆಯ ಮೂಲೆಯಲ್ಲಿ ಸ್ಟೋವ್ ಹಚ್ಚಿ ತನ್ನ ಅನ್ನ ತಾನೇ ಮಾಡಿಕೊಂಡಳು. ಅವ್ವ ಮುಟ್ಟಿದ ಕೊಡದ ನೀರನ್ನೂ ಕುಡಿಯಲಿಲ್ಲ. ಗುಳಿಗೆಯಿಂದ ಅವ್ವನ ಮೈಬಣ್ಣ ದಿನದಿನಕ್ಕೆ ಕಪ್ಪಗಾಗುತ್ತ ಬಂತು. ಓಣಿಯವರು ಬಿಸಿಲೇನೋ ಎಂದರು, ಆಯಿ ಮಾತ್ರ ನೋಡಿ ನೋಡಿ ಮುಖ ತಿರುಗಿಸಿದಳು. ಆಯಿ ಬಾಯಿಬಿಟ್ಟು ಓಣಿಗೆಲ್ಲ ಹೇಳಿದರೆ, ಶಾಲೆಗೆ ಸುದ್ದಿ ಹೋದರೆ ಎಂದು ನಾನು ಹೊರಗೆ ಯಾರಾದರೂ ಪಿಸುಗುಟ್ಟಿದರೂ ಬೆಚ್ಚುತ್ತಿದ್ದೆ. ಆಯಿ ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಅವ್ವ ಗುಳಿಗೆ ತರಲು ಹೋಗಿದ್ದಾಗ ಆಯಿ ನನ್ನನ್ನು ಕರೆದು ಮುಂಬಾಗಿಲು ಮುಚ್ಚಿಸಿದಳು. ಬಾಗಿಲು ಮುಚ್ಚಿದ್ದಕ್ಕೇ ನಾನು ಹೆದರಿದ್ದೆ. ಅವಳು ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ನನ್ನ ಕೈಗೆ ಕೊಟ್ಟಳು. ಎರಡೂ ಕೈ ಮುಂದೆ ಚಾಚಿ ಕಣ್ಣು ಮುಚ್ಚಿಕೊಂಡಳು.

“ದವಾಖಾನ್ಯಾಗ ಹ್ಯಾಂಗ ಮುಟ್ಟಿ ನೋಡಿದ್ರು, ಹಂಗ ಮುಟ್ಟು.”

ನಾನು ಮುಟ್ಟಿದೆ. ಹೆಬ್ಬೆರಳು ಎಂದಳು. ಮತ್ತೆ ಮುಟ್ಟಿದೆ. ತೋರುಬೆರಳು ಎಂದಳು. ಸುಕ್ಕುಗಟ್ಟಿದ ರೆಪ್ಪೆಗಳನ್ನು ಅವಳು ಎಷ್ಟು ಬಿಗಿಯಾಗಿ ಮುಚ್ಚಿದ್ದಳೆಂದರೆ ಮುಖವೆಲ್ಲ ಕಿವುಚಿಕೊಂಡಿತ್ತು. ಕೊನೆಗೆ ಕಿರುಬೆರಳಿಗೆ ಬಂದೆ. ಕಡ್ಡಿ ತಾಗಿದ್ದೇ ಅವಳು ಕಿರುಬೆರಳು, ಕಿರುಬೆರಳು ಎಂದು ಎರಡು ಸಲ ಅಂದು ಕಣ್ಣು ಬಿಟ್ಟಳು. ಕಣ್ಣೀರು ಕೆನ್ನೆಗಿಳಿಯಿತು. ನಾನು ಹುಟ್ಟಿದಾಗಿನಿಂದ ನಾವೆಲ್ಲ ಹೆದರುತ್ತಿದ್ದ ಆಯಿ, ನಮ್ಮೆಲ್ಲರಿಗಿಂತ ಹೆಚ್ಚು ಹೆದರಿದವಳು. ಅವತ್ತು ಸಂಜೆ ಅವಳು ಸ್ಟೋವ್ ಹಚ್ಚಲಿಲ್ಲ. ಅವ್ವ ಬಂದು ಮಾಡಿದ ರೊಟ್ಟಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತು, ಕೊನೆಗೆ ಅರ್ಧ ತಿಂದಳು.

ಸಣ್ಣಾಯಿಯನ್ನೂ ಅವ್ವ ಅದೇ ಆಸ್ಪತ್ರೆಗೆ ಕರೆದೊಯ್ದಳು. ಅವಳ ಮೈಯಲ್ಲಿ ರೋಗ ಯಾವಾಗಲೋ ಸತ್ತುಹೋಗಿದೆ, ಉಳಿದದ್ದು ಅದರ ಗುರುತಷ್ಟೇ ಎಂದರು ಡಾಕ್ಟರಮ್ಮ. ಕಾಲಿನ ಹುಣ್ಣಿಗೆ ಮದ್ದು ಕಟ್ಟಿ, ಮೆತ್ತನೆಯ ಚಪ್ಪಲಿ ಕೊಟ್ಟರು. ಮನೆಯೊಳಗೆ ಬಂದು ಇರೆಂದು ಅಪ್ಪ ಕರೆದರೂ ಅವಳು ಬರಲಿಲ್ಲ. ಇಷ್ಟು ವರ್ಷ ಇಲ್ಲದ್ದು ಈಗ್ಯಾಕ ಎಂದಳು. ಅವಳಿಗೆ ಸಿಟ್ಟಿತ್ತು, ಇರಬೇಕಾದ ಸಿಟ್ಟೇ.

ರಜೆ ಮುಗಿಯುವ ಹೊತ್ತಿಗೆ ಅವ್ವ ಮತ್ತು ನಾನು ಬಿಳಿ ಕೀಬೋರ್ಡನ್ನು ಸೀರೆಯಲ್ಲಿ ಸುತ್ತಿಕೊಂಡು ಮತ್ತೆ ಗಾಜಿಪುರಕ್ಕೆ ಹೋದೆವು. ಕರೇದು ಬೇಕು ಎಂದಳು ಅವ್ವ. ಖಾಜಾಮಿಯಾ ಅದನ್ನು ಮಂಚದ ಮೇಲಿಟ್ಟ. ಅವನ ಹೆಂಡತಿ ಚಹ ತಂದು ಅಲ್ಲೇ ನಿಂತಳು. ಅವ್ವ ಕೈ ಮುಂದೆ ಮಾಡಿದಳು, ಈ ಸಲ ಸೆರಗಿನಲ್ಲಿ ಮುಚ್ಚಲಿಲ್ಲ.

“ಈ ಎರಡು ಬೆರಳಿಗೆ ಏನೂ ಗೊತ್ತಾಗೂದಿಲ್ರಿ ಖಾಜಾಮಿಯಾ. ಕುಷ್ಠ ಅದ. ದವಾ ನಡದದ. ಅವತ್ತ ಅದಕ್ಕೇ ಹಂಗಾತು.”

ಮನೆಯ ಹೊರಗೆ ಅವಳು ಆ ಮಾತು ಅಂದದ್ದು ಅದೇ ಮೊದಲು. ಅವನು ಕೀಗಳನ್ನು ಒರೆಸುತ್ತಾನೆ, ಹೆಂಡತಿ ಚಹದ ಬಸಿಯನ್ನು ಹಿಂದಕ್ಕೆ ಒಯ್ಯುತ್ತಾಳೆ, ನಾವು ಈ ಸಂದಿಯಿಂದ ತಲೆ ತಗ್ಗಿಸಿ ಹೊರಡಬೇಕಾಗುತ್ತದೆ ಎಂದು ಬಾಗಿಲಿನತ್ತ ನೋಡಿದೆ. ಖಾಜಾಮಿಯಾ ಅವ್ವನ ಬೆರಳುಗಳನ್ನು ನೋಡಿ, ಗಡ್ಡ ಕೆರೆದುಕೊಂಡ. ಹೆಂಡತಿ ಬಸಿಯನ್ನು ಅವ್ವನ ಎಡಗೈಯ ಕಡೆ ಸರಿಸಿದಳು, “ಗರಂ ಹೈ, ಇಸ್ ಹಾಥ್ ಸೆ ಲೇವ್” ಎಂದಳು. ಬಿಸಿ ಇದೆ, ಈ ಕೈಯಿಂದ ತಗೋ ಎಂದು.

“ಹಂಗಿದ್ರ ಇದನ್ನ ನೋಡ್ರಿ ಅಕ್ಕೋರ,” ಎಂದು ಖಾಜಾಮಿಯಾ ಕಪ್ಪು ಕೀಬೋರ್ಡಿನ ಮೂಲೆಯ ಒಂದು ಸಣ್ಣ ಗುಂಡಿ ತೋರಿಸಿದ. “ಅವತ್ತ ನಂಗ ತಿಳೀಲಿಲ್ಲ, ಇಲ್ಲಾಂದ್ರ ಅವತ್ತೇ ಹೇಳ್ತಿದ್ದೆ. ಟಚ್ ಬಂದ್ ಮಾಡೂದು ಇದು. ಬಂದ್ ಮಾಡಿದ್ರ ಹ್ಯಾಂಗ ಒತ್ತಿದ್ರೂ ಆವಾಜ್ ಒಂದೇ. ಯಾರಿಗೂ ಗೊತ್ತಾಗಂಗಿಲ್ಲ.”

ಅವ್ವ ಆ ಗುಂಡಿಯನ್ನು ನೋಡಿದಳು. ಅವಳು ಅದನ್ನು ಒತ್ತುತ್ತಾಳೆಂದೇ ನಾನು ತಿಳಿದೆ. ಒತ್ತಲಿ ಎಂದೂ ಬೇಡಿಕೊಂಡೆ.

“ಬ್ಯಾಡ್ರಿ. ಚಾಲೂನೇ ಇರ್ಲಿ. ಬೆರಳು ಎಷ್ಟು ಒತ್ತಾಕತ್ತದ ಅಂತ ನಂಗರ ಗೊತ್ತಾಗಬೇಕಲ್ಲ.”

ಅವಳು ನುಡಿಸತೊಡಗಿದಳು. ಕಿರುಬೆರಳಿನ ಸ್ವರ ಕಿರುಚಿತು. ಒಳಗಿನ ಖೋಲಿಯಲ್ಲಿ ಯಾರೋ ಮಾತು ನಿಲ್ಲಿಸಿದರು. ಅವ್ವ ನಿಲ್ಲಲಿಲ್ಲ. ಬಾಗಿ, ತನ್ನ ಬೆರಳನ್ನೇ ಕಣ್ಣಿಟ್ಟು ನೋಡುತ್ತ, ಕಿವಿಯನ್ನು ಪೆಟ್ಟಿಗೆಯ ಹತ್ತಿರ ಒಯ್ದು, ಅದೇ ಸ್ವರವನ್ನು ಮತ್ತೆ ಹಿಡಿದಳು. ಮತ್ತೂ ಜೋರಾಯಿತು. ಮತ್ತೆ ಹಿಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಮುಂದಿನ ಸಲ ಅದು ಒಂದು ಕೂದಲೆಳೆಯಷ್ಟು ಮೆತ್ತಗೆ ಬಂತು.